ಇಪ್ಪತ್ತಾರು ಅಡಿ ನೆಲ ಮತ್ತು ವಿದ್ಯಾರ್ಥಿಗಳ ವಾಕ್‌ಸ್ವಾತಂತ್ರ್ಯ



"ಕಾಲೇಜಿಗೆ ಕಳಿಸಿರುವುದು ಓದಲಿಕ್ಕೆ, ರಾಜಕೀಯ ಮಾಡಲಿಕ್ಕಲ್ಲ" ಎಂಬ ಮಾತನ್ನು ಕೇಳದೆ ಬೆಳೆದವರು ನಮ್ಮ ಬಂಧುಬಳಗದಲ್ಲಿ ಯಾರೂ ಇರಲಾರರು. ಆ ಮಾತಿನ ಹಿಂದೆ ತಂದೆತಾಯಿಯರ ಆತಂಕವಿದೆಯೇ ಹೊರತು ದುರುದ್ದೇಶವಿಲ್ಲ. ಆದರೂ ಒಂದು ಪ್ರಶ್ನೆ ಉಳಿದೇ ಉಳಿಯುತ್ತದೆ. ನಾಳೆ ಮತ ಹಾಕಬೇಕಾದ ಹುಡುಗ ಹುಡುಗಿಯರು ಆ ಮತದ ಬಗ್ಗೆ ಮಾತನಾಡುವುದನ್ನು ಎಲ್ಲಿ ಕಲಿಯಬೇಕು? ತಮಗೆ ಒಪ್ಪಿಗೆಯಾಗದ ವಿಚಾರವನ್ನು ಎದುರಿಗೆ ನಿಂತು ಕೇಳುವ ಅಭ್ಯಾಸವನ್ನು ಎಲ್ಲಿ ಪಡೆಯಬೇಕು? ಈ ಪ್ರಶ್ನೆಯನ್ನು ಇಡೀ ಜಗತ್ತಿನ ಮುಂದೆ ಇಟ್ಟ ಘಟನೆಯೊಂದು 1964ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿ ಆವರಣದಲ್ಲಿ ನಡೆಯಿತು. ನಮ್ಮ ಶಾಲೆಯಲ್ಲಿ ಕಲಿತ ಕೆಲವರು ಇಂದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಆಸುಪಾಸಿನಲ್ಲಿಯೇ ನೆಲೆಸಿದ್ದಾರೆ. ಅವರಿಗೆ ಆ ಸ್ಥಳ ಪರಿಚಿತ, ಕಥೆ ಪರಿಚಿತವೋ ಇಲ್ಲವೋ ತಿಳಿಯದು. ಸಾಮಾನ್ಯವಾಗಿ ಈ ಕಥೆಯನ್ನು ಎಡಪಂಥೀಯ ವಿದ್ಯಾರ್ಥಿಗಳು ಆಡಳಿತದ ವಿರುದ್ಧ ದಂಗೆಯೆದ್ದ ಕಥೆಯೆಂದು ಹೇಳಿ ಮುಗಿಸುತ್ತಾರೆ. ನನಗೆ ಅದರಲ್ಲಿ ಹೆಚ್ಚು ಕುತೂಹಲಕರವಾಗಿ ಕಾಣುವುದು ಬೇರೊಂದು ಸಂಗತಿ. ಅದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬಯಸುತ್ತೇನೆ.

ಮೊದಲು ಹಿನ್ನೆಲೆ. ಬರ್ಕ್ಲಿಯು ಸರಕಾರಿ ವಿಶ್ವವಿದ್ಯಾನಿಲಯ. ತೆರಿಗೆದಾರರ ಹಣದಿಂದ ನಡೆಯುವ ಸಂಸ್ಥೆ ಯಾವ ಪಕ್ಷಕ್ಕೂ ವಾಲಬಾರದು ಎಂಬುದು ಅದರ ಆಡಳಿತಗಾರರು ದಶಕಗಳಿಂದ ಹೇಳುತ್ತಾ ಬಂದ ತತ್ತ್ವ. ಕೇಳಲು ಇದು ನ್ಯಾಯವಾಗಿಯೇ ಇದೆ. ಆದರೆ ಆಚರಣೆಯಲ್ಲಿ ಅದು ಎಲ್ಲಿಗೆ ಮುಟ್ಟಿತೆಂದರೆ, 1956ರಲ್ಲಿ ಡೆಮೊಕ್ರಾಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಆಡ್ಲೈ ಸ್ಟೀವನ್‌ಸನ್ ಬರ್ಕ್ಲಿಗೆ ಬಂದಾಗ ಆವರಣದ ಒಳಗೆ ಮಾತನಾಡುವಂತಿರಲಿಲ್ಲ. ಪಕ್ಕದ ಬೀದಿಯಲ್ಲಿ ನಿಂತು ಅವರು ಭಾಷಣ ಮಾಡಿದರು, ವಿದ್ಯಾರ್ಥಿಗಳು ಒಳಗಿನ ಹುಲ್ಲುಹಾಸಿನ ಮೇಲೆ ನಿಂತು ಕೇಳಿದರು! ಅದಕ್ಕೂ ಮೊದಲು, 1949ರಲ್ಲಿ, ತಾವು ಕಮ್ಯುನಿಸ್ಟರಲ್ಲವೆಂದು ಅಧ್ಯಾಪಕರೆಲ್ಲರೂ ಪ್ರಮಾಣ ಮಾಡಬೇಕೆಂದು ಆಡಳಿತ ಮಂಡಳಿಯಾದ ರೀಜೆಂಟರು ಆಜ್ಞಾಪಿಸಿದ್ದರು. ಸಹಿ ಹಾಕಲೊಪ್ಪದ 31 ಮಂದಿ ಪ್ರಾಧ್ಯಾಪಕರು ಮರುವರ್ಷ ಕೆಲಸ ಕಳೆದುಕೊಂಡರು. ಅವರಲ್ಲಿ ಜಗತ್ಪ್ರಸಿದ್ಧ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟೋಲ್‌ಮನ್ ಒಬ್ಬರು. (ಬಿ.ಎಡ್. ಓದಿದವರೆಲ್ಲ ಕಲಿಕೆಯ ಸಿದ್ಧಾಂತಗಳ ಪಾಠದಲ್ಲಿ ಇವರ ಹೆಸರನ್ನು ಉರು ಹೊಡೆದಿರುತ್ತೇವೆ. ಗೂಡಿನೊಳಗೆ ದಾರಿ ಹುಡುಕುವ ಇಲಿಗಳ ಪ್ರಯೋಗ ನೆನಪಿದೆಯಲ್ಲವೆ? ಆ ಟೋಲ್‌ಮನ್ ಇವರೇ.) 1952ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು.

1958ರಲ್ಲಿ ವಿಶ್ವವಿದ್ಯಾನಿಲಯದ ಅಧ್ಯಕ್ಷರಾದ ಕ್ಲಾರ್ಕ್ ಕೆರ್ ಅವರನ್ನು ಈ ಕಥೆಯ ಖಳನಾಯಕರೆಂದು ಚಿತ್ರಿಸುವ ರೂಢಿಯಿದೆ. ಅದನ್ನು ನಾನು ಒಪ್ಪಲಾರೆ. ಅವರು ಅರ್ಥಶಾಸ್ತ್ರಜ್ಞರು, ಉದಾರವಾದಿ. ವಿಚಾರಗಳನ್ನು ಸೋಸಿ ನಿರಪಾಯಕಾರಿಯಾಗಿ ಮಾಡಿ ವಿದ್ಯಾರ್ಥಿಗಳಿಗೆ ಕೊಡುವುದು ವಿಶ್ವವಿದ್ಯಾನಿಲಯದ ಕೆಲಸವಲ್ಲ, ಯಾವ ವಿಚಾರ ಎದುರಾದರೂ ಕಂಗೆಡದ ವಿದ್ಯಾರ್ಥಿಗಳನ್ನು ರೂಪಿಸುವುದೇ ಅದರ ಕೆಲಸ ಎಂಬ ಅರ್ಥದ ಮಾತನ್ನು 1961ರಲ್ಲಿಯೇ ಆಡಿದವರು. ಕಮ್ಯುನಿಸ್ಟ್ ಭಾಷಣಕಾರರ ಮೇಲಿದ್ದ ನಿಷೇಧ 1963ರಲ್ಲಿ ತೆರವಾದದ್ದು ಅವರ ಕಾಲದಲ್ಲಿಯೇ. ಶೈಕ್ಷಣಿಕ ಸ್ವಾತಂತ್ರ್ಯವನ್ನು ಕಾಪಾಡಿದ್ದಕ್ಕಾಗಿ ಅಮೆರಿಕದ ಪ್ರಾಧ್ಯಾಪಕರ ಸಂಘ ಅವರಿಗೂ ರೀಜೆಂಟರಿಗೂ 1964ರ ವಸಂತದಲ್ಲಿ ಪ್ರಶಸ್ತಿ ಕೊಟ್ಟಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಏನಾಯಿತೆಂಬುದನ್ನು ನೋಡಿ!

ಆವರಣದ ದಕ್ಷಿಣ ದ್ವಾರದ ಬಳಿ, ಬ್ಯಾಂಕ್ರಾಫ್ಟ್ ರಸ್ತೆಗೆ ಟೆಲಿಗ್ರಾಫ್ ಅವೆನ್ಯೂ ಬಂದು ಸೇರುವಲ್ಲಿ, ಇಟ್ಟಿಗೆ ಹಾಸಿದ 26 ಅಡಿ ಅಗಲದ ಒಂದು ಪಟ್ಟಿ ನೆಲವಿತ್ತು. ಅದು ನಗರಸಭೆಗೆ ಸೇರಿದ್ದೆಂದು ಎಲ್ಲರೂ ತಿಳಿದಿದ್ದರು. ವಿದ್ಯಾರ್ಥಿ ಸಂಘಟನೆಗಳು ನಗರದ ಪೊಲೀಸರಿಂದ ಪರವಾನಗಿ ಪಡೆದು ಅಲ್ಲಿ ಮಡಚುವ ಮೇಜುಗಳನ್ನು ಹಾಕಿಕೊಳ್ಳುತ್ತಿದ್ದವು. ಮೇಜಿನ ಮೇಲೆ ಕರಪತ್ರಗಳು, ಸಹಿ ಸಂಗ್ರಹದ ಹಾಳೆ, ಚಿಲ್ಲರೆ ಹಾಕಲು ಒಂದು ಡಬ್ಬಿ. ತರಗತಿಗೆ ಹೋಗುವವರು ನಿಂತು ಎರಡು ಮಾತು ವಾದಿಸಿ ಮುಂದೆ ಹೋಗುತ್ತಿದ್ದರು. ಸುಮಾರು 27,000 ವಿದ್ಯಾರ್ಥಿಗಳಿದ್ದ ಆ ಬೃಹತ್ ಸಂಸ್ಥೆಯ ರಾಜಕೀಯ ಜೀವನವೆಲ್ಲ ಈ ಒಂದು ಕಿರಿದಾದ ಪಟ್ಟಿಯ ಮೇಲೆ ನಡೆಯುತ್ತಿತ್ತು ಎನ್ನಬಹುದು.

ಸೆಪ್ಟೆಂಬರ್ 14ರಂದು ವಿದ್ಯಾರ್ಥಿ ವ್ಯವಹಾರಗಳ ಡೀನ್ ಕ್ಯಾಥರೀನ್ ಟೌಲ್ ಅವರಿಂದ ಎಲ್ಲ ಸಂಘಟನೆಗಳಿಗೂ ಒಂದು ಪತ್ರ ಬಂತು. ಆ ಪಟ್ಟಿ ನಗರಸಭೆಯದಲ್ಲ, ವಿಶ್ವವಿದ್ಯಾನಿಲಯದ್ದೇ; ಆದ್ದರಿಂದ 21ನೆಯ ತಾರೀಖಿನಿಂದ ಅಲ್ಲಿ ಮೇಜು ಹಾಕುವಂತಿಲ್ಲ, ಹಣ ಸಂಗ್ರಹಿಸುವಂತಿಲ್ಲ, ಯಾವ ರಾಜಕೀಯ ಕಾರ್ಯಕ್ಕೂ ಜನರನ್ನು ಸೇರಿಸುವಂತಿಲ್ಲ. ವಾಸ್ತವದಲ್ಲಿ ಆ ನೆಲವನ್ನು ನಗರಸಭೆಗೆ ಬಿಟ್ಟುಕೊಡಲು ರೀಜೆಂಟರು 1959ರಲ್ಲಿಯೇ ಒಪ್ಪಿದ್ದರು. ಕಾಗದಪತ್ರ ಮಾತ್ರ ಆಗಿರಲಿಲ್ಲ. ಒಂದು ಖಾತೆ ಬದಲಾವಣೆ ಆಗದೇ ಉಳಿದದ್ದರಿಂದ ಇತಿಹಾಸವೇ ಬದಲಾಯಿತು. ನಮ್ಮ ತಾಲ್ಲೂಕು ಕಚೇರಿಗಳಿಗೆ ಅಲೆದವರಿಗೆ ಇದು ಅಷ್ಟೇನೂ ಆಶ್ಚರ್ಯವೆನಿಸದು.

ಆ ಕಾಲ ಎಂಥದು ಎಂಬುದನ್ನೂ ಗಮನಿಸಬೇಕು. ಅದೇ ಬೇಸಗೆಯಲ್ಲಿ ನೂರಾರು ವಿದ್ಯಾರ್ಥಿಗಳು ಉತ್ತರದಿಂದ ಮಿಸಿಸಿಪ್ಪಿಗೆ ಹೋಗಿ, ಕಪ್ಪು ಜನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸುವ ಕೆಲಸದಲ್ಲಿ ತೊಡಗಿದ್ದರು. ಜೂನ್ ತಿಂಗಳಲ್ಲಿ ಅಲ್ಲಿ ಜೇಮ್ಸ್ ಚೇನಿ, ಆಂಡ್ರ್ಯೂ ಗುಡ್‌ಮನ್, ಮೈಕಲ್ ಶ್ವೆರ್ನರ್ ಎಂಬ ಮೂವರು ಕಾರ್ಯಕರ್ತರನ್ನು ಕೊಂದು ಹೂಳಲಾಗಿತ್ತು. ಅಲ್ಲಿಂದ ಮರಳಿದ ಬರ್ಕ್ಲಿಯ ವಿದ್ಯಾರ್ಥಿಗಳಲ್ಲಿ ಮಾರಿಯೋ ಸ್ಯಾವಿಯೋ ಒಬ್ಬ. ಇಟಲಿ ಮೂಲದ ಕಾರ್ಮಿಕ ಕುಟುಂಬದ, ನ್ಯೂಯಾರ್ಕಿನಲ್ಲಿ ಬೆಳೆದ, ತತ್ತ್ವಶಾಸ್ತ್ರ ಓದುತ್ತಿದ್ದ ಇಪ್ಪತ್ತೊಂದರ ಹುಡುಗ. ಬಾಲ್ಯದಿಂದ ತೊದಲು ಅವನನ್ನು ಬಹಳ ಕಾಡಿತ್ತು. ಇಂಥ ಮಕ್ಕಳು ಉತ್ತರ ಗೊತ್ತಿದ್ದೂ ಕೈ ಎತ್ತದೆ ಕುಳಿತಿರುವುದನ್ನು ತರಗತಿಗಳಲ್ಲಿ ಕಂಡ ನನಗೆ, ಮಾತಿನ ಹಕ್ಕಿಗಾಗಿ ನಡೆದ ಹೋರಾಟಕ್ಕೆ ಇವನೇ ನಾಲಗೆಯಾದನೆಂಬುದು ಇಂದಿಗೂ ಮನಸ್ಸನ್ನು ತಟ್ಟುತ್ತದೆ.

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ಸಂಗತಿ. ಡೀನ್ ಅವರ ಪತ್ರ ಬಂದ ಕೆಲವೇ ದಿನಗಳಲ್ಲಿ ಸಂಘಟನೆಗಳು ಸೇರಿ ಒಂದು ಸಂಯುಕ್ತ ರಂಗವನ್ನು ಕಟ್ಟಿದವು. ಅದರಲ್ಲಿ ಯಾರು ಯಾರಿದ್ದರು? ಕಪ್ಪು ಜನರ ಸಮಾನ ಹಕ್ಕಿಗಾಗಿ ದುಡಿಯುತ್ತಿದ್ದ ಗುಂಪುಗಳಿದ್ದವು. ಸಮಾಜವಾದಿಗಳು, ಕಮ್ಯುನಿಸ್ಟರಿಗೆ ಹತ್ತಿರದವರು, ಡೆಮೊಕ್ರಾಟಿಕ್ ಪಕ್ಷದ ಯುವಕರು ಇದ್ದರು. ಜೊತೆಗೇ ರಿಪಬ್ಲಿಕನ್ ಪಕ್ಷದ ಯುವಕರು, ಆ ವರ್ಷ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದ ಬ್ಯಾರಿ ಗೋಲ್ಡ್‌ವಾಟರರ ಬೆಂಬಲಿಗ ವಿದ್ಯಾರ್ಥಿಗಳೂ ಇದ್ದರು. ಗೋಲ್ಡ್‌ವಾಟರ್ ಎಂದರೆ, ಜನಾಂಗಭೇದವನ್ನು ತೊಡೆಯುವ ನಾಗರಿಕ ಹಕ್ಕುಗಳ ಮಸೂದೆಯ ವಿರುದ್ಧ ಅದೇ ಜೂನ್ ತಿಂಗಳಲ್ಲಿ ಸೆನೆಟ್ಟಿನಲ್ಲಿ ಮತ ಹಾಕಿದ್ದವರು! ಆ ಹಕ್ಕಿಗಾಗಿ ದುಡಿಯುತ್ತಿದ್ದ ಗೆಳೆಯರನ್ನು ಮಿಸಿಸಿಪ್ಪಿಯ ಮಣ್ಣಿನಲ್ಲಿ ಕಳೆದುಕೊಂಡು ಬಂದವರ ಮೇಜು ಇಲ್ಲಿ, ಗೋಲ್ಡ್‌ವಾಟರರ ಚಿತ್ರ ಹೊತ್ತ ಮೇಜು ಅಲ್ಲಿ. ಎಣ್ಣೆ ಸೀಗೆಕಾಯಿಯ ಸಂಬಂಧ. ಆದರೂ ಇಬ್ಬರೂ ಒಂದೇ ಮನವಿಗೆ ಸಹಿ ಹಾಕಿದರು.

ಇದು ಕೇವಲ ತಂತ್ರವಾಗಿತ್ತೆ? ಸ್ವಲ್ಪ ಮಟ್ಟಿಗೆ ಇದ್ದಿರಬಹುದು. ಒಬ್ಬರ ಮೇಜು ಹೋದರೆ ಎಲ್ಲರ ಮೇಜೂ ಹೋಗುತ್ತದೆ ಎಂಬ ಲೆಕ್ಕ ಯಾರಿಗೆ ಅರ್ಥವಾಗದು? ಆದರೆ ಪ್ರತಿಯೊಂದು ಗುಂಪಿಗೂ ಅದರದೇ ಕಾರಣವೂ ಇತ್ತು. ಬಲಪಂಥದ ಹುಡುಗರಿಗೆ ಸರಕಾರದ ಸಂಸ್ಥೆ ವ್ಯಕ್ತಿಯ ಬದುಕಿನಲ್ಲಿ ಕೈಹಾಕುವುದೇ ಒಪ್ಪಿಗೆಯಿಲ್ಲ. ನಾಗರಿಕ ಹಕ್ಕಿನ ಹುಡುಗರಿಗೆ ಮೇಜೆಂಬುದು ಚಳವಳಿಗೆ ಜನ ಮತ್ತು ಹಣ ಕೂಡಿಸುವ ಏಕೈಕ ದಾರಿ. ಸಮಾಜವಾದಿಗಳಿಗೆ ಹಿಂದಿನ ದಶಕದ ಬಾಯಿಮುಚ್ಚಿಸುವ ರಾಜಕಾರಣದ ನೆನಪು ಇನ್ನೂ ಹಸಿಯಾಗಿತ್ತು. ಕಾರಣಗಳು ಬೇರೆ, ಬೇಡಿಕೆ ಒಂದೇ.

ಅಧಿಕಾರಿಗಳು ಕೊಂಚ ಇಳಿದು ಬಂದರು. 'ಮಾಹಿತಿ' ನೀಡುವ ಮೇಜು ಹಾಕಬಹುದು, 'ಪ್ರತಿಪಾದನೆ' ಮಾಡುವ ಮೇಜು ಕೂಡದು ಎಂದರು. ಅಂದರೆ ಇಂಥ ದಿನ ಚುನಾವಣೆಯಿದೆ ಎಂದು ಹೇಳಬಹುದು, ಇಂಥವರಿಗೆ ಮತ ಕೊಡಿ ಎನ್ನಬಾರದು! ನಮ್ಮ ಶಾಲೆಯ ಚರ್ಚಾಸ್ಪರ್ಧೆಗಳು ನಿಮಗೆ ನೆನಪಿರಬಹುದು. 'ಪರ' ಇಲ್ಲವೆ 'ವಿರೋಧ' ಎಂದು ಚೀಟಿ ಎತ್ತಿಸುತ್ತಿದ್ದೆವು. ಎರಡೂ ಅಲ್ಲದೆ ಬರಿಯ ಮಾಹಿತಿ ಒಪ್ಪಿಸಿ ಇಳಿಯಿರಿ ಎಂದಿದ್ದರೆ ಆ ಸಭಾಂಗಣದಲ್ಲಿ ಯಾರು ಕುಳಿತಿರುತ್ತಿದ್ದರು? ವಾರ ಕಳೆಯುವುದರೊಳಗೆ ಆಡಳಿತ ಇನ್ನೂ ಒಂದು ಮೆಟ್ಟಿಲು ಇಳಿದು, ಅಭ್ಯರ್ಥಿಗಳ ಪರ-ವಿರೋಧ ಮಾತನಾಡಬಹುದೆಂದಿತು. ಆದರೆ ಹಣ ಸಂಗ್ರಹ, ಸದಸ್ಯತ್ವ, ಹೊರಗಿನ ಚಳವಳಿಗೆ ಕರೆ, ಇವು ಸಾಧ್ಯವೇ ಇಲ್ಲವೆಂದಿತು.

ಸೆಪ್ಟೆಂಬರ್ 30ರಂದು ಮೇಜು ಹಾಕಿದ ಐವರ ಹೆಸರು ಬರೆದುಕೊಳ್ಳಲಾಯಿತು. ನಾವೂ ಅದೇ ತಪ್ಪು ಮಾಡಿದ್ದೇವೆಂದು ನೂರಾರು ಮಂದಿ ಸಹಿ ಹಾಕಿ ಆಡಳಿತ ಕಟ್ಟಡವಾದ ಸ್ಪ್ರೌಲ್ ಹಾಲಿನೊಳಗೆ ಕುಳಿತರು. ಕೊನೆಗೆ ಎಂಟು ಮಂದಿ ಅಮಾನತಾದರು. ಮರುದಿನ ಮಧ್ಯಾಹ್ನಕ್ಕೆ ಮುಂಚೆ ಜ್ಯಾಕ್ ವೈನ್‌ಬರ್ಗ್ ಎಂಬ ಹಳೆಯ ವಿದ್ಯಾರ್ಥಿಯನ್ನು ನಾಗರಿಕ ಹಕ್ಕುಗಳ ಮೇಜಿನ ಬಳಿ ಬಂಧಿಸಿ ಪೊಲೀಸ್ ಕಾರಿನಲ್ಲಿ ಕೂರಿಸಿದರು. ಯಾರೋ "ಕುಳಿತುಕೊಳ್ಳಿ" ಎಂದರು, ಸುತ್ತಲಿದ್ದವರೆಲ್ಲ ಕುಳಿತೇಬಿಟ್ಟರು. ಕಾರು ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ವೈನ್‌ಬರ್ಗ್ ಒಳಗಿದ್ದಂತೆಯೇ 32 ಗಂಟೆಗಳ ಕಾಲ ಅದು ಅಲ್ಲಿಯೇ ನಿಂತಿತು!

ಆ 32 ಗಂಟೆಗಳಲ್ಲಿ ಕಾರಿನ ಮಾಡೇ ವೇದಿಕೆಯಾಯಿತು. ಸ್ಯಾವಿಯೋ ತಗಡು ಕೆಡಬಾರದೆಂದು ಬೂಟು ಕಳಚಿಟ್ಟು ಮೇಲೆ ಹತ್ತಿದ. ಅವನ ನಂತರ ಒಬ್ಬರಾದ ಮೇಲೊಬ್ಬರು. ಹತ್ತಿದವರೆಲ್ಲ ಒಂದೇ ಮಾತು ಆಡಿದರೆಂದು ತಿಳಿಯಬೇಡಿ. ಅಧಿಕೃತ ವಿದ್ಯಾರ್ಥಿ ಸಂಘದ ಅಧ್ಯಕ್ಷನೂ ಅದೇ ಮಾಡಿನ ಮೇಲೆ ನಿಂತು ಮಾತನಾಡಿದ, ಪ್ರತಿಭಟನೆಯ ಕ್ರಮವನ್ನು ಒಪ್ಪದವರೂ ಮಾತನಾಡಿದರು. ರಾತ್ರಿ ಚಳವಳಿಯ ವಿರೋಧಿಗಳಾದ ವಿದ್ಯಾರ್ಥಿಗಳ ಒಂದು ಗುಂಪು ಬಂದು ಕುಳಿತವರ ಮೇಲೆ ಮೊಟ್ಟೆಗಳನ್ನೂ ಉರಿಯುವ ಸಿಗರೇಟುಗಳನ್ನೂ ಎಸೆಯಿತು. ಕೈಕೈ ಮಿಲಾಯಿಸುವ ಹಂತ ಬಂದಾಗ ಕ್ಯಾಥೊಲಿಕ್ ಪಾದ್ರಿಯೊಬ್ಬರು ಕಾರನ್ನೇರಿ ಎರಡೂ ಕಡೆಯವರಿಗೆ ಶಾಂತಿ ಹೇಳಿದರು. ಕುಳಿತವರು ಉತ್ತರ ಕೊಡದೆ ಮೌನವಾದರು. ಎಸೆಯುವವರು ಬೇಸತ್ತು ಹೋದರು. ಕುಳಿತುಕೊಳ್ಳುವುದು, ತಿರುಗಿ ಹೊಡೆಯದಿರುವುದು, ಬಂಧಿಸಿದರೆ ಮೈ ಸಡಿಲ ಬಿಡುವುದು, ಇವನ್ನೆಲ್ಲ ಅವರು ದಕ್ಷಿಣದ ಕಪ್ಪು ಜನರ ಚಳವಳಿಯಿಂದ ಕಲಿತಿದ್ದರು. ಆ ಚಳವಳಿಯವರು ಗಾಂಧೀಜಿಯಿಂದ ಕಲಿತಿದ್ದರು. ಗಾಂಧೀಜಿ ಅಮೆರಿಕದವನೇ ಆದ ಥೋರೋನನ್ನು ಮೆಚ್ಚಿ ಓದಿದ್ದರು. ಬಂಡಿಯ ಚಕ್ರ ಒಂದು ಸುತ್ತು ತಿರುಗಿ ಬಂದಿತ್ತು.

ಅಕ್ಟೋಬರ್ 2ರ ಸಂಜೆ, ಅಂದರೆ ಗಾಂಧಿ ಜಯಂತಿಯ ದಿನವೇ, ಸುಮಾರು 500 ಪೊಲೀಸರು ಸಿದ್ಧರಾಗಿ ನಿಂತಿರುವಾಗ ಕೆರ್ ಮತ್ತು ವಿದ್ಯಾರ್ಥಿಗಳ ನಡುವೆ ಒಪ್ಪಂದವಾಯಿತು. ಸ್ಯಾವಿಯೋ ಅದನ್ನು ಕಾರಿನ ಮೇಲಿಂದ ಓದಿ, ಘನತೆಯಿಂದ ಎದ್ದು ಮನೆಗೆ ಹೋಗಿರೆಂದ. ಆ ವಾರಾಂತ್ಯದಲ್ಲಿ ಸಂಯುಕ್ತ ರಂಗಕ್ಕೆ ಹೊಸ ಹೆಸರು ಬಂತು: ವಾಕ್‌ಸ್ವಾತಂತ್ರ್ಯ ಚಳವಳಿ.

ಹೆಸರು ಬಂದ ಮೇಲೆ ಒಡಕೂ ಬಂತು. ನಿಯಮ ಮುರಿಯುವುದು ಸರಿಯೆ ಎಂಬ ಪ್ರಶ್ನೆಗೆ ಬಲಪಂಥದ ಗುಂಪುಗಳಲ್ಲಿ ಕೆಲವು ಇಲ್ಲವೆಂದು ಹಿಂದೆ ಸರಿದವು. ಮೇಜಿನ ಹಕ್ಕು ಬೇಕೆಂಬ ಮಾತನ್ನು ಮಾತ್ರ ಅವು ಬಿಡಲಿಲ್ಲ. ನವೆಂಬರಿನಲ್ಲಿ ಮಿತವಾದಿಗಳಿಗೂ ತೀವ್ರವಾದಿಗಳಿಗೂ ನಡುವೆ ಕಾವೇರಿತು. ನವೆಂಬರ್ 20ರಂದು ರೀಜೆಂಟರು ಬಹುಪಾಲು ಬೇಡಿಕೆಗಳನ್ನು ಒಪ್ಪಿ ಒಂದು ಕೊಕ್ಕೆ ಇಟ್ಟುಕೊಂಡರು: ಆವರಣದಲ್ಲಿ 'ಕಾನೂನುಬದ್ಧ' ಚಟುವಟಿಕೆಗೆ ಮಾತ್ರ ಕರೆ ಕೊಡಬಹುದು. ದೂರದಿಂದ ನೋಡಿದವರಿಗೆ ಇದರಲ್ಲಿ ತಪ್ಪೇನೂ ಕಾಣದು. ಆದರೆ ಅದೇ ವರ್ಷದ ಮಾರ್ಚಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಶೆರಟನ್ ಪ್ಯಾಲೆಸ್ ಹೋಟೆಲಿನಲ್ಲಿ ಧರಣಿ ಕುಳಿತು, ನೂರಕ್ಕೂ ಹೆಚ್ಚು ಜನ ಬಂಧನಕ್ಕೊಳಗಾಗಿ, ಕಪ್ಪು ಜನರಿಗೆ ಅಲ್ಲಿ ಒಳ್ಳೆಯ ಕೆಲಸ ಕೊಡಿಸುವ ಒಪ್ಪಂದವನ್ನು ಗಳಿಸಿದ್ದರಲ್ಲಿ ಬರ್ಕ್ಲಿಯ ವಿದ್ಯಾರ್ಥಿಗಳ ಪಾಲು ದೊಡ್ಡದಿತ್ತು. ಆ ಧರಣಿ ಕಾನೂನುಬಾಹಿರವೇ. ಅಂಥದ್ದಕ್ಕೆ ಕರೆ ಕೊಟ್ಟವರನ್ನು ನ್ಯಾಯಾಲಯ ಮಾತ್ರವಲ್ಲದೆ ಕಾಲೇಜೂ ದಂಡಿಸಬಹುದೆ ಎಂಬುದೇ ಮುಖ್ಯ ಪ್ರಶ್ನೆಯಾಯಿತು.

ನವೆಂಬರ್ 23ರಂದು ನಡೆದದ್ದನ್ನು ಓದುವಾಗಲೆಲ್ಲ ನನಗೆ ಸಂತೋಷವಾಗುತ್ತದೆ, ಚರಿತ್ರೆಯ ಪುಸ್ತಕಗಳು ಅದನ್ನೊಂದು ಸೋಲೆಂದು ಬರೆದರೂ ಸಹ. ಮತ್ತೆ ಸ್ಪ್ರೌಲ್ ಹಾಲಿನೊಳಗೆ ಹೋಗಿ ಕೂರಬೇಕೆ ಬೇಡವೆ ಎಂಬುದರ ಮೇಲೆ ನಾಯಕರೇ ಎರಡಾಗಿದ್ದರು. ಅದನ್ನು ಮುಚ್ಚಿಡದೆ ಎಲ್ಲರೆದುರು ಧ್ವನಿವರ್ಧಕದ ಮುಂದೆ ನಿಂತು ಪರ ಒಬ್ಬರು, ವಿರೋಧ ಒಬ್ಬರು ವಾದಿಸಿದರು. ಸ್ಯಾವಿಯೋ ಹೋಗೋಣವೆಂದ, ಅವನ ಜೊತೆಗಾರ ಸ್ಟೀವ್ ವೈಸ್‌ಮನ್ ಬೇಡವೆಂದ. ಸುಮಾರು 300 ಮಂದಿ ಹೋದರು, ಉಳಿದವರು ಹೋಗಲಿಲ್ಲ, ಸಂಜೆ ಐದಕ್ಕೆ ಹೋದವರೂ ಎದ್ದು ಬಂದರು. ಚಳವಳಿ ಮುಗಿಯಿತೆಂದು ಎಲ್ಲರೂ ಅಂದುಕೊಂಡರು.

ಹಾಗಾದರೆ ಸಾಮಾನ್ಯ ವಿದ್ಯಾರ್ಥಿಯ ಅಭಿಪ್ರಾಯವೇನಿತ್ತು? ಅದೃಷ್ಟವಶಾತ್ ಅದನ್ನು ಆಗಲೇ ಕೇಳಿದವರೊಬ್ಬರಿದ್ದರು. ಸಮಾಜಶಾಸ್ತ್ರಜ್ಞ ರಾಬರ್ಟ್ ಸೋಮರ್ಸ್ ಆ ನವೆಂಬರಿನಲ್ಲಿ ವಿದ್ಯಾರ್ಥಿಗಳ ಸಮೀಕ್ಷೆ ನಡೆಸಿದರು. ಸುಮಾರು ಮೂರರಲ್ಲಿ ಎರಡು ಪಾಲು ಜನ ಚಳವಳಿಯ ಗುರಿಯನ್ನು ಒಪ್ಪಿದ್ದರು. ಅದರ ವಿಧಾನವನ್ನು ಒಪ್ಪಿದವರು ಮೂರರಲ್ಲಿ ಒಂದು ಪಾಲು ಮಾತ್ರ. ಇನ್ನೂ ಸ್ವಾರಸ್ಯವೆಂದರೆ, ಬಹುಪಾಲು ವಿದ್ಯಾರ್ಥಿಗಳು ತಮ್ಮ ಪಾಠ ಮತ್ತು ಅಧ್ಯಾಪಕರ ಬಗ್ಗೆ ತೃಪ್ತಿಯನ್ನೇ ಸೂಚಿಸಿದ್ದರು. ದೊಡ್ಡ ಸಂಸ್ಥೆಯಲ್ಲಿ ಅನಾಥಪ್ರಜ್ಞೆಯಿಂದ ಬಳಲಿದ ಮಕ್ಕಳು ಸಿಡಿದೆದ್ದರು ಎಂದು ಆಗ ಪತ್ರಿಕೆಗಳು ಬರೆದದ್ದಕ್ಕೂ ಇದಕ್ಕೂ ತಾಳೆಯಾಗದು. ಓದಿನಲ್ಲಿ ಹಿಂದಿರುವವರೇ ಗಲಾಟೆ ಮಾಡುತ್ತಾರೆಂಬ ಎಲ್ಲ ಊರುಗಳ ನಂಬಿಕೆಯೂ ಅಲ್ಲಿ ನಿಲ್ಲಲಿಲ್ಲ. ಹೆಚ್ಚು ಅಂಕ ತೆಗೆಯುವವರಲ್ಲಿಯೇ ಬೆಂಬಲ ಹೆಚ್ಚು!

ಮುಗಿದಿದ್ದ ಚಳವಳಿಗೆ ಜೀವ ಕೊಟ್ಟದ್ದು ಆಡಳಿತವೇ. ಎರಡು ತಿಂಗಳ ಹಿಂದಿನ ಕಾರಿನ ಘಟನೆಗಾಗಿ ಸ್ಯಾವಿಯೋ ಸಹಿತ ನಾಲ್ವರ ಮೇಲೆ ಶಿಸ್ತುಕ್ರಮದ ಪತ್ರಗಳು ನವೆಂಬರ್ ಕೊನೆಯಲ್ಲಿ ಹೊರಟವು. ಡಿಸೆಂಬರ್ 2ರಂದು ಸ್ಯಾವಿಯೋ ತನ್ನ ಪ್ರಸಿದ್ಧ ಭಾಷಣ ಮಾಡಿದ, ಗಾಯಕಿ ಜೋನ್ ಬೇಯೆಜ್ ಹಾಡಿದರು, ಸಾವಿರಕ್ಕೂ ಹೆಚ್ಚು ಜನ ಸ್ಪ್ರೌಲ್ ಹಾಲನ್ನು ಹೊಕ್ಕರು. ಒಳಗೆ ಯಹೂದಿ ವಿದ್ಯಾರ್ಥಿಗಳು ಹನುಕ್ಕಾ ಪ್ರಾರ್ಥನೆ ಮಾಡಿದರು, ಮೆಟ್ಟಿಲುಗಳ ಮೇಲೆ ಪಾಠಗಳು ನಡೆದವು. ಬೆಳಗಿನ ಜಾವ ಗವರ್ನರ್ ಪ್ಯಾಟ್ ಬ್ರೌನರ ಆಜ್ಞೆಯಂತೆ ಪೊಲೀಸರು ಬಂದರು. ಸುಮಾರು 800 ಜನರ ಬಂಧನವಾಯಿತು. ಆ ಬಂಧನವೇ ಮಧ್ಯದಲ್ಲಿ ನಿಂತಿದ್ದ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಒಂದು ಕಡೆಗೆ ತಳ್ಳಿತು. ಡಿಸೆಂಬರ್ 7ರಂದು ಬಯಲು ರಂಗಮಂದಿರದಲ್ಲಿ ಕೆರ್ ಸಾವಿರಾರು ಜನರನ್ನುದ್ದೇಶಿಸಿ ಮಾತನಾಡಿ ಮುಗಿಸುತ್ತಿದ್ದಂತೆ ಸ್ಯಾವಿಯೋ ಧ್ವನಿವರ್ಧಕದತ್ತ ನಡೆದ. ಪೊಲೀಸರು ಅವನನ್ನು ಹಿಡಿದು ಎಲ್ಲರೆದುರು ಎಳೆದೊಯ್ದರು. ವಾಕ್‌ಸ್ವಾತಂತ್ರ್ಯದ ವಿವಾದವನ್ನು ಬಗೆಹರಿಸಲು ಕರೆದ ಸಭೆಯಲ್ಲಿ ಮಾತನಾಡಲು ಹೋದವನ ಕುತ್ತಿಗೆ ಹಿಡಿದರೆ ಮತ್ತೇನು ವಾದ ಬೇಕು?

ಮರುದಿನ, ಡಿಸೆಂಬರ್ 8ರಂದು, ಅಧ್ಯಾಪಕರ ಸಭೆ ಸೇರಿತು. ಮಾತನಾಡುವ ಸಮಯ, ಸ್ಥಳ, ರೀತಿಗಳನ್ನು ಮಾತ್ರ ವಿಶ್ವವಿದ್ಯಾನಿಲಯ ನಿಯಂತ್ರಿಸಬಹುದು, ಮಾತಿನ ಒಳಗಿನ ವಿಚಾರವನ್ನು ಅಲ್ಲ ಎಂಬುದು ನಿರ್ಣಯ. ಅದಕ್ಕೆ ಪ್ರೊಫೆಸರ್ ಲೂಯಿಸ್ ಫಾಯರ್ ಒಂದು ತಿದ್ದುಪಡಿ ತಂದರು: ತಕ್ಷಣದ ಹಿಂಸಾಚಾರಕ್ಕೆ ಕರೆ ಕೊಡುವ ಮಾತಿಗೆ ಈ ರಕ್ಷಣೆ ಇರಬಾರದು. ಹಿಟ್ಲರನ ಮುನ್ನಾದಿನಗಳಲ್ಲಿ ಜರ್ಮನಿಯ ವಿಶ್ವವಿದ್ಯಾನಿಲಯಗಳಲ್ಲಿ ನಾಜಿ ವಿದ್ಯಾರ್ಥಿಗಳು ನಡೆಸಿದ ದಾಂಧಲೆ ಅವರ ಮನಸ್ಸಿನಲ್ಲಿತ್ತು. ಈ ಭಯವನ್ನು ಹಗುರವಾಗಿ ತಳ್ಳಿಹಾಕುವುದು ನನ್ನಿಂದಾಗದು; ಇಂದಿಗೂ ಈ ಚರ್ಚೆಯ ಅತಿ ಕಠಿಣವಾದ ಭಾಗ ಅದೇ. ತಿದ್ದುಪಡಿ 284ಕ್ಕೆ 737 ಮತಗಳಿಂದ ಬಿದ್ದಿತು. ಮೂಲ ನಿರ್ಣಯ 115ಕ್ಕೆ 824 ಮತಗಳಿಂದ ಗೆದ್ದಿತು. ಸಭೆಯಿಂದ ಹೊರಬಂದ ಅಧ್ಯಾಪಕರಿಗೆ ವಿದ್ಯಾರ್ಥಿಗಳು ದಾರಿ ಬಿಟ್ಟು ನಿಂತು ಚಪ್ಪಾಳೆ ತಟ್ಟಿದರು. ಅಂದು ಸ್ಯಾವಿಯೋನ ಇಪ್ಪತ್ತೆರಡನೆಯ ಹುಟ್ಟುಹಬ್ಬ. 1965ರ ಜನವರಿಯಲ್ಲಿ ಹೊಸ ಚಾನ್ಸೆಲರ್ (ನಮ್ಮ ಕುಲಪತಿಗಳಂತೆ) ಮಾರ್ಟಿನ್ ಮೇಯರ್‌ಸನ್ ಬಂದು ಮೇಜುಗಳಿಗೂ ಸ್ಪ್ರೌಲ್ ಮೆಟ್ಟಿಲಿನ ಸಭೆಗಳಿಗೂ ಅವಕಾಶ ಕೊಟ್ಟರು.

ನಂತರದ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. ಮಾರ್ಚಿನಲ್ಲಿ ಯುವಕನೊಬ್ಬ ಅಶ್ಲೀಲ ಪದವೊಂದನ್ನು ಕಾಗದದ ಮೇಲೆ ಬರೆದು ಹಿಡಿದು ಕುಳಿತ. ಗೌರವ ಗಳಿಸಿದ್ದ ಚಳವಳಿಗೆ ಅದರಿಂದ ಅಪಖ್ಯಾತಿ ಬಂದು ವಸಂತದಲ್ಲಿ ಅದು ವಿಸರ್ಜನೆಗೊಂಡಿತು. 1966ರ ಚುನಾವಣೆಯಲ್ಲಿ ನಟ ರೊನಾಲ್ಡ್ ರೇಗನ್ ಬರ್ಕ್ಲಿಯ ಅಶಿಸ್ತನ್ನು ಗುಡಿಸಿಹಾಕುವುದಾಗಿ ಪ್ರಚಾರ ಮಾಡಿ ಗವರ್ನರ್ ಆದರು. 1967ರ ಜನವರಿಯಲ್ಲಿ ಕ್ಲಾರ್ಕ್ ಕೆರ್ ವಜಾಗೊಂಡರು. ವಿದ್ಯಾರ್ಥಿಗಳ ಪಾಲಿಗೆ ಅವರು ಯಂತ್ರದ ಯಜಮಾನ, ರೇಗನ್ ಪಾಲಿಗೆ ವಿದ್ಯಾರ್ಥಿಗಳನ್ನು ಮುದ್ದುಮಾಡಿದವರು. ಅತ್ತ ದರಿ, ಇತ್ತ ಪುಲಿ. ಮಾರಿಯೋ ಸ್ಯಾವಿಯೋಗೆ 120 ದಿನಗಳ ಸೆರೆವಾಸದ ಶಿಕ್ಷೆಯಾಯಿತು. ಬಹಳ ವರ್ಷ ಎಲೆಮರೆಯಲ್ಲಿ ಬದುಕಿ, ನಡುವಯಸ್ಸಿನಲ್ಲಿ ಭೌತಶಾಸ್ತ್ರದ ಪದವಿ ಪಡೆದು, ಸೊನೊಮಾ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುತ್ತಾ 1996ರಲ್ಲಿ ಆತ ತೀರಿಕೊಂಡ. ಮರುವರ್ಷ ಆ ಮೆಟ್ಟಿಲುಗಳಿಗೆ ವಿಶ್ವವಿದ್ಯಾನಿಲಯವೇ ಅವನ ಹೆಸರಿಟ್ಟಿತು.

ಇಷ್ಟರಲ್ಲಿ ನಿಲ್ಲಿಸಬಹುದಿತ್ತು, 2017 ಬಾರದಿದ್ದರೆ. ಆ ಫೆಬ್ರವರಿ 1ರಂದು ಬರ್ಕ್ಲಿಯ ರಿಪಬ್ಲಿಕನ್ ವಿದ್ಯಾರ್ಥಿ ಸಂಘ ಮೈಲೋ ಯಾನೊಪೊಲಸ್ ಎಂಬ ಭಾಷಣಕಾರನನ್ನು ಕರೆಸಿತ್ತು. ವಲಸಿಗರನ್ನೂ ಮುಸ್ಲಿಮರನ್ನೂ ಹೀಯಾಳಿಸುವುದರಿಂದಲೇ ಹೆಸರಾದವನು. ಅವನನ್ನು ನಿಷೇಧಿಸಬೇಕೆಂದು ಅನೇಕ ಅಧ್ಯಾಪಕರು ಕೇಳಿದರೂ ಚಾನ್ಸೆಲರ್ ನಿಕೊಲಸ್ ಡರ್ಕ್ಸ್ ಒಪ್ಪಲಿಲ್ಲ. (ಇವರು ದಕ್ಷಿಣ ಭಾರತದ ಪುದುಕೋಟೆ ಸಂಸ್ಥಾನದ ಚರಿತ್ರೆ ಬರೆದ ಅದೇ ಇತಿಹಾಸಕಾರರು.) 1964ರ ಚಳವಳಿಯ ಹಿರಿಯರು ನಡೆಸುತ್ತಿದ್ದ ಸಂಗ್ರಹಾಲಯದ ಮಂಡಳಿಯೂ, ಆತನ ಮಾತು ಹೇಯವೆಂದು ಹೇಳುತ್ತಲೇ, ನಿಷೇಧ ಬೇಡವೆಂದು ವಿದ್ಯಾರ್ಥಿ ಪತ್ರಿಕೆಗೆ ಬರೆಯಿತು. ಅಂದು ಸಂಜೆ ಸಾವಿರಕ್ಕೂ ಮಿಕ್ಕಿ ಜನ ಶಾಂತವಾಗಿ ಪ್ರತಿಭಟಿಸುತ್ತಿದ್ದಾಗ ಮುಖ ಮುಚ್ಚಿಕೊಂಡ ನೂರಕ್ಕೂ ಹೆಚ್ಚು ಜನರ ಗುಂಪೊಂದು ನುಗ್ಗಿ ಕಿಟಕಿಗಳನ್ನು ಒಡೆದು ಬೆಂಕಿ ಹಚ್ಚಿತು. ಭಾಷಣ ರದ್ದಾಯಿತು; ಆವರಣಕ್ಕಾದ ಹಾನಿ ಸುಮಾರು 1,00,000 ಡಾಲರ್.

ಅದೇ ಸೆಪ್ಟೆಂಬರಿನಲ್ಲಿ ಬೆನ್ ಶಪೀರೊ ಎಂಬ ಇನ್ನೊಬ್ಬ ಬಲಪಂಥೀಯ ಭಾಷಣಕಾರ ಬಂದಾಗ ಹೊಸ ಚಾನ್ಸೆಲರ್ ಕ್ಯಾರೊಲ್ ಕ್ರೈಸ್ಟ್ ಹಠ ಹಿಡಿದು ಸಭೆ ನಡೆಸಿದರು. ಒಂದು ಸಂಜೆಯ ಭಾಷಣದ ಪೊಲೀಸ್ ಕಾವಲಿಗೆ ಸುಮಾರು 6,00,000 ಡಾಲರ್ ಖರ್ಚು. ಮೂಗಿಗಿಂತ ಮೂಗುತಿ ಭಾರ. ಈ ನಡುವೆ ತಮ್ಮ ಅತಿಥಿಗಳಿಗೆ ಮಾತ್ರ ಕಠಿಣ ನಿಯಮ ಹೇರಲಾಗುತ್ತಿದೆಯೆಂದು ರಿಪಬ್ಲಿಕನ್ ವಿದ್ಯಾರ್ಥಿಗಳು ನ್ಯಾಯಾಲಯಕ್ಕೆ ಹೋದರು. 2018ರ ಡಿಸೆಂಬರಿನಲ್ಲಿ 70,000 ಡಾಲರ್ ಕೊಟ್ಟು, ನಿಯಮಗಳನ್ನು ತಿದ್ದಿ, ವಿಶ್ವವಿದ್ಯಾನಿಲಯ ರಾಜಿ ಮಾಡಿಕೊಂಡಿತು. 1964ರಲ್ಲಿ ಎಡಪಂಥದ ಹುಡುಗರ ಪಕ್ಕದಲ್ಲಿಯೇ ಮೇಜು ಹಾಕಿ ನಿಂತವರ ಉತ್ತರಾಧಿಕಾರಿಗಳೇ ಇವರು. ಈ ಬಾರಿ ಅವರ ಜೊತೆ ಸಹಿ ಹಾಕಲು ಎಡಪಂಥದ ಗುಂಪುಗಳು ಸಾಲುಗಟ್ಟಿ ಬರಲಿಲ್ಲ. ಅವರೂ ಅವನ್ನು ಕರೆಯಲಿಲ್ಲ. ಎದುರಾಳಿಯನ್ನು ಸಿಟ್ಟಿಗೆಬ್ಬಿಸಬಲ್ಲವನನ್ನೇ ಆರಿಸಿ ಕರೆಸುವುದು ಒಂದು ಕಡೆಯ ಚಟವಾದರೆ, ಕೇಳಿಸಿಕೊಳ್ಳುವುದೇ ಅಪರಾಧವೆಂದು ತಿಳಿಯುವುದು ಇನ್ನೊಂದು ಕಡೆಯ ಚಟವಾಗಿದೆ. 2024ರಲ್ಲಿ ಗಾಜಾ ಯುದ್ಧದ ವಿಷಯದಲ್ಲಿ ಇದು ಮರುಕಳಿಸಿತು: ಫೆಬ್ರವರಿಯಲ್ಲಿ ಇಸ್ರೇಲಿನ ಭಾಷಣಕಾರನೊಬ್ಬನ ಸಭೆ ಪ್ರತಿಭಟನಕಾರರು ಬಾಗಿಲು ಒಡೆದದ್ದರಿಂದ ನಿಂತುಹೋಯಿತು; ಏಪ್ರಿಲಿನಲ್ಲಿ ಪ್ಯಾಲೆಸ್ತೀನ್ ಪರ ವಿದ್ಯಾರ್ಥಿಗಳು ಸ್ಯಾವಿಯೋ ಮೆಟ್ಟಿಲುಗಳ ಮುಂದೆಯೇ ಡೇರೆ ಹಾಕಿ ವಾರಗಟ್ಟಲೆ ಕುಳಿತರು.

ಅಲ್ಲಿ ನೆಲದಲ್ಲಿ ಹುದುಗಿರುವ ಒಂದು ಪುಟ್ಟ ಸ್ಮಾರಕವಿದೆ. ಕಲಾವಿದ ಮಾರ್ಕ್ ಬ್ರೆಸ್ಟ್ ವಾನ್ ಕೆಂಪೆನ್ ರೂಪಿಸಿದ್ದು, 1991ರದು. ದುಂಡನೆಯ ಗ್ರಾನೈಟ್ ಕಲ್ಲು, ಅದರ ನಡುವೆ ಆರು ಅಂಗುಲ ಅಗಲದ ಮಣ್ಣು. ಈ ಮಣ್ಣೂ ಅದರ ಮೇಲಿನ ಆಕಾಶವೂ ಯಾವ ರಾಷ್ಟ್ರಕ್ಕೂ ಸೇರಿದ್ದಲ್ಲ, ಯಾರ ಅಧಿಕಾರಕ್ಕೂ ಒಳಪಟ್ಟಿಲ್ಲ ಎಂಬ ಅರ್ಥದ ಬರಹ ಅದರ ಸುತ್ತಲೂ ಇದೆ. ವಾಕ್‌ಸ್ವಾತಂತ್ರ್ಯ ಚಳವಳಿಯ ಹೆಸರು ಆ ಕಲ್ಲಿನ ಮೇಲೆ ಎಲ್ಲಿಯೂ ಇಲ್ಲ. ತರಗತಿಗೆ ಹೊತ್ತಾದವರು ಅದರ ಮೇಲೆಯೇ ಕಾಲಿಟ್ಟು ಹೋಗುತ್ತಾರೆ. ಸೆಮಿಸ್ಟರ್ ಆರಂಭವಾದೊಡನೆ ಆ ಚೌಕದಲ್ಲಿ ಸಂಘಗಳ ಮೇಜುಗಳು ಸಾಲಾಗಿ ಬಂದು ಕೂರುತ್ತವೆ.